ಡಬ್ಬಿ ಹುಡುಕೋಣ, ಹಕ್ಕಿ ನೋಡೋಣ

ನಮ್ಮದು ಗದಗ ಜಿಲ್ಲೆಯ ಎರೆ ಸೀಮೆ. ಆರೆಕರೆ ಹೊಲ, ಎಲ್ಲಾ ಮಳೆ ನಂಬಿದ್ದು. ಮುಂಗಾರಿಗೆ ಹೆಸರು, ಹಿಂಗಾರಿಗೆ ಕಡಲೆ, ಬಿಳಿಜೋಳ. ನಾನು ಓದಿದ್ದು ಏಳನೇ ಇಯತ್ತೆ. ಇಂಥವನು ಹಕ್ಕಿಯ ಬಗ್ಗೆ ಬರೆಯಲು ಕೂತದ್ದು ಯಾಕೆಂದರೆ, ಒಂದು ಆಟ ನನ್ನ ಹೊಲಕ್ಕೆ ಬಂತು. ಅದರಿಂದ ಒಂದು ಒಡ್ಡು ಹೋಯಿತು, ನಾಲ್ಕು ಮೊಟ್ಟೆ ಹೋದವು. ಆದರೂ ಆಟ ಬಿಟ್ಟಿಲ್ಲ. ನಿಮ್ಮಲ್ಲಿ ಯಾರಾದರೂ ಊರ ಮಕ್ಕಳನ್ನು ಕಟ್ಟಿಕೊಂಡು ಇದನ್ನು ಮಾಡುವವರಿದ್ದರೆ ನಾನು ತಪ್ಪಿದಲ್ಲಿ ನೀವು ತಪ್ಪಬೇಡಿರೆಂದು ಇಷ್ಟು ಬರೆದಿದ್ದೇನೆ.

ಆಟದ ಹೆಸರು ಜಿಯೋಕ್ಯಾಷಿಂಗ್. ನನ್ನ ತಂಗಿಯ ಮಗ ಕಂಪನಿ ಕೆಲಸದ ಮೇಲೆ ಎರಡು ವರ್ಷ ಜರ್ಮನಿಯಲ್ಲಿದ್ದ. ಅಲ್ಲಿ ರವಿವಾರ ಬಂತೆಂದರೆ ಮನೆಮಂದಿಯೆಲ್ಲ ಕೂಡಿ ಅಡವಿ ಹೊಕ್ಕು ಡಬ್ಬಿ ಹುಡುಕುತ್ತಾರಂತೆ. ಯಾರೋ ಒಬ್ಬರು ಒಂದು ಡಬ್ಬಿ ಅಡಗಿಸಿ, ಅದು ಭೂಮಿಯ ಮೇಲೆ ಎಲ್ಲಿದೆ ಎನ್ನುವ ಅಂಕಿಗಳನ್ನು ಎಲ್ಲರಿಗೂ ತಿಳಿಸುತ್ತಾರೆ. ಉಳಿದವರು ಮೊಬೈಲಿನ ಜಿಪಿಎಸ್ ಹಿಡಿದು ಹುಡುಕುತ್ತಾರೆ. ಸಿಕ್ಕರೆ ಒಳಗಿನ ಪುಸ್ತಕದಲ್ಲಿ ಹೆಸರು ಬರೆದು, ಡಬ್ಬಿ ಇದ್ದಲ್ಲೇ ಇಟ್ಟು ಬರುವುದು. ಒಳಗಿನ ಸಾಮಾನು ಏನಾದರೂ ತಗೊಂಡರೆ ಬದಲಿಗೆ ಒಂದು ಸಾಮಾನು ಇಡಬೇಕು. ಇಂಥ ಡಬ್ಬಿಗಳು ಜಗತ್ತಿನಲ್ಲಿ ಮೂವತ್ತು ಲಕ್ಷಕ್ಕೂ ಮೇಲಿವೆ ಅಂದ. "ಕೆಲಸ ಇಲ್ಲದವರು" ಅಂತ ನಾನು ನಕ್ಕೆ.

ಇದು ಶುರುವಾದದ್ದು ಅಮೆರಿಕದಲ್ಲಿ. ಜಿಪಿಎಸ್ ಅಲ್ಲಿಯ ಮಿಲಿಟರಿಯವರದು. ಸಾಮಾನ್ಯ ಜನರಿಗೆ ಸಿಗುವ ಸಂಕೇತವನ್ನು ಅವರು ಬೇಕೆಂದೇ ಮಸುಕು ಮಾಡಿಟ್ಟಿದ್ದರು, ನೂರು ಮೀಟರಿನಷ್ಟು ಹೆಚ್ಚುಕಡಿಮೆ ತೋರಿಸುತ್ತಿತ್ತು. 2000ನೇ ಇಸವಿ ಮೇ 2ರಂದು ಆ ಮಸುಕು ತೆಗೆದರು. ಮರುದಿನವೇ ಒರೆಗಾನ್ ರಾಜ್ಯದಲ್ಲಿ ಡೇವ್ ಉಲ್ಮರ್ ಎಂಬವರು ಅಡವಿಯಲ್ಲಿ ಒಂದು ಬಕೆಟ್ ಇಟ್ಟು, ಜಾಗದ ಅಂಕಿ ತಿಳಿಸಿ, ಹುಡುಕಿರಿ ನೋಡೋಣ ಅಂದರು. ಅದರೊಳಗೆ ಪುಸ್ತಕ, ಕವಣೆ, ಒಂದಿಷ್ಟು ದುಡ್ಡು, ಒಂದು ಡಬ್ಬಿ ಬೇಯಿಸಿದ ಕಾಳು ಇದ್ದವು. ಬಕೆಟ್ ಅರ್ಧಕ್ಕಿಂತ ಹೆಚ್ಚು ಮಣ್ಣಿನಲ್ಲಿ ಹೂತಿತ್ತು. ಈ ಎರಡು ಮಾತು ನೆನಪಿಡಿ: ಹೂತದ್ದು, ತಿನ್ನುವ ಸಾಮಾನು ಇಟ್ಟದ್ದು. ಮುಂದೆ ಬರುತ್ತದೆ.

2022ರ ಏಪ್ರಿಲ್. ಸಾಲಿ ಸೂಟಿ. ಮಗಳ ಮಗಳು ಬಂದಿದ್ದಳು, ಒಂಬತ್ತು ವರ್ಷದವಳು. ಹೊಲದಲ್ಲಿ ನೀಲಕಂಠ ಕೂತಿತ್ತು. "ಅಜ್ಜಾ, ಅದು ಗಿಳಿ ಏನು?" ಅಂದಳು. ನೀಲಕಂಠ ನಮ್ಮ ರಾಜ್ಯಪಕ್ಷಿ. ದಸರೆಗೆ ಅದರ ದರ್ಶನವಾದರೆ ಒಳ್ಳೆಯದೆಂದು ನಮ್ಮಪ್ಪ ನಸುಕಿನಲ್ಲಿ ಎಬ್ಬಿಸಿ ಕರಕೊಂಡು ಹೋಗುತ್ತಿದ್ದರು. ಊರ ಹುಡುಗರನ್ನು ಕೇಳಿದೆ. ಇಪ್ಪತ್ತು ಮಂದಿಯಲ್ಲಿ ನಾಲ್ವರು ಹೇಳಿದರು. ಹೊಲದ ಮನೆತನದ ಮಕ್ಕಳು ಇವು, ಪ್ಯಾಟಿಯವಲ್ಲ. ಆಗ ತಂಗಿಯ ಮಗನ ಡಬ್ಬಿ ಆಟ ನೆನಪಾಯಿತು.

ಜಿಪಿಎಸ್ ಬೇಡ ಅಂದುಕೊಂಡೆ. ಮೊಬೈಲ್ ಕೊಟ್ಟರೆ ಹುಡುಗರು ಮೊಬೈಲನ್ನೇ ನೋಡುತ್ತವೆ. ಬಯಲಿನಲ್ಲಿ ಅದು ಮೂರು ನಾಲ್ಕು ಮೀಟರಿನಷ್ಟು ಸರಿಯಾಗಿ ತೋರಿಸುತ್ತದೆ, ನಿಜ. ಆದರೆ ಆರೆಕರೆಗೆ ಹುಣಸೆಮರ, ಬಾವಿಗಡ್ಡೆ, ಒಡ್ಡು ಸಾಲದೇ? ಹೆಜ್ಜೆ ಲೆಕ್ಕದಲ್ಲಿ ಚೀಟಿ ಬರೆದೆ. ಐದು ಪ್ಲಾಸ್ಟಿಕ್ ಡಬ್ಬಿ ತಂದು ಒಳಗೆ ಶೇಂಗಾ ಚಿಕ್ಕಿ, ಪೆನ್ನು, ಒಂದೊಂದು ಹಕ್ಕಿಯ ಚಿತ್ರ ಹಾಕಿದೆ. ಹಿಂದಿನ ಸಂಜೆ ಹೋಗಿ ಅಡಗಿಸಿ ಬಂದೆ. ಒಂದನ್ನು ಒಡ್ಡಿನಲ್ಲಿ ಹೂತೆ.

ಬೆಳಿಗ್ಗೆ ಇಪ್ಪತ್ತೆರಡು ಮಕ್ಕಳು ಬಂದವು. ಗದ್ದಲವೋ ಗದ್ದಲ. ಮೊದಲನೇ ಡಬ್ಬಿ ಇಲಿ ಕಡಿದಿತ್ತು, ಒಳಗೆ ಇರುವೆ ಬಿಟ್ಟರೆ ಚಿಕ್ಕಿ ಇರಲಿಲ್ಲ. ಒಡ್ಡಿನ ಡಬ್ಬಿಗೆ "ಮೂವತ್ತು ಹೆಜ್ಜೆ" ಎಂದು ಬರೆದಿದ್ದೆ. ನನ್ನ ಹೆಜ್ಜೆ ಬೇರೆ, ಏಳು ವರ್ಷದ ಹುಡುಗನ ಹೆಜ್ಜೆ ಬೇರೆ! ಅವರವರ ಮೂವತ್ತು ಹೆಜ್ಜೆಗೆ ಅವರವರು ನಿಂತು ಕುರ್ಚಿಗಿ, ಕಟ್ಟಿಗೆ ಏನು ಸಿಕ್ಕರೆ ಅದರಿಂದ ಅಗೆದರು. ಎಂಟು ಹತ್ತು ಕಡೆ ತೆಗ್ಗು ಬಿತ್ತು. ಮುಚ್ಚಿದೆ, ಆದರೆ ಮೇಲೆ ಮೇಲೆ. ಜೂನಿನ ಒಂದು ದೊಡ್ಡ ಮಳೆಗೆ ಸರಿಯಾಗಿ ಅಲ್ಲೇ ಒಡ್ಡು ಕಿತ್ತಿತು. ಎರೆ ಮಣ್ಣಿನ ಒಡ್ಡು ಒಮ್ಮೆ ಕಿತ್ತರೆ ಏನಾಗುತ್ತದೆ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. ಮೇಲುಮಣ್ಣು ಕೆಳಗಿನ ಹೊಲದವರ ಪಾಲಾಯಿತು. ಅವರು ಬೇಡವೆನ್ನಲಿಲ್ಲ.

ಇದೆಲ್ಲ ಹೋಗಲಿ. ಕೊನೆಯ ಡಬ್ಬಿಯ ಮಾತು ಹೇಳಬೇಕು.

ಹೊಲದ ಪಡುವಲ ಮೂಲೆಯಲ್ಲಿ ಒಂದಿಷ್ಟು ಗರಸು ನೆಲ ಇದೆ, ಬಿತ್ತುವುದಿಲ್ಲ. ಅಲ್ಲಿ ಜಾಲಿ ಗಿಡದ ಬುಡಕ್ಕೆ ಐದನೇ ಡಬ್ಬಿ ಇಟ್ಟಿದ್ದೆ. ಮಕ್ಕಳು ಅತ್ತ ಓಡುತ್ತಲೇ ಟಿಟ್ಟಿಭ ಒದರಲು ಹತ್ತಿತು. ಎರಡು ಹಕ್ಕಿ, ತಲೆ ಮೇಲೆ ಬಂದು ಬಂದು ಹೋಗುತ್ತಿದ್ದವು. ಮಕ್ಕಳು ಅದರ ಹಾಗೆಯೇ ಕೂಗಿ ಕುಣಿದರು. ನಾನೂ ನಕ್ಕೆ. ಮುಗಿಲು ಬಿದ್ದೀತೆಂದು ಕಾಲು ಮೇಲೆ ಮಾಡಿ ಮಲಗುವ ಹಕ್ಕಿ ಇದೇ ಎಂದು ಕತೆಯನ್ನೂ ಹೇಳಿದೆ. ಐವತ್ತು ವರ್ಷದಿಂದ ಆ ಕೂಗು ಕೇಳಿದವನು ನಾನು. ನಾಯಿಗೆ ಒದರುತ್ತದೆ, ಮಂದಿಗೆ ಒದರುತ್ತದೆ, ಅದರ ಚಾಳಿಯೇ ಅದು ಅಂದುಕೊಂಡಿದ್ದೆ. ಯಾಕೆ ಒದರುತ್ತದೆ ಎಂದು ನಿಂತು ನೋಡಲಿಲ್ಲ.

ಸಂಜೆ ಡಬ್ಬಿ ತರಲು ಮೊಮ್ಮಗಳ ಜೊತೆ ಹೋದೆ. ಜಾಲಿಯಿಂದ ನಾಲ್ಕು ಮಾರು ದೂರದಲ್ಲಿ, ಬರೀ ನೆಲದ ಮೇಲೆ ಗೂಡು ಇತ್ತು. ಗೂಡು ಅಂದರೆ ಅಂಗೈಯಷ್ಟು ತಗ್ಗು, ಸುತ್ತ ನಾಲ್ಕು ಹರಳು, ಅಷ್ಟೇ. ಮೊಟ್ಟೆಯ ಬಣ್ಣ ಗರಸಿನದೇ, ಮೇಲೆ ಕರಿ ಚುಕ್ಕೆ. ಎರಡು ಕಾಲಿಗೆ ಸಿಕ್ಕು ಒಡೆದಿದ್ದವು. ಎರಡನ್ನು ಕಾಗೆ ತಿಂದಿತ್ತು. ಹಕ್ಕಿ ಗೂಡಿಗೆ ಬರಲು ನಾವು ಬಿಟ್ಟಿರಲಿಲ್ಲವಲ್ಲ, ಕಾಗೆಗೆ ದಾರಿಯಾಯಿತು. "ಅಜ್ಜಾ, ಅದು ನಮಗ ಬ್ಯಾಡ ಬ್ಯಾಡ ಅಂತಿತ್ತು" ಅಂದಳು ಕೂಸು. ಅವತ್ತು ರಾತ್ರಿ ಊಟ ಮಾಡಲಿಲ್ಲ ಅವಳು.

ಆಮೇಲೆ ತಿಳಿದುಕೊಂಡೆ. ಟಿಟ್ಟಿಭ ಮೊಟ್ಟೆ ಇಡುವುದು ಹೆಚ್ಚಾಗಿ ಮಾರ್ಚಿನಿಂದ ಆಗಸ್ಟಿನವರೆಗೆ, ನಾವು ಹೊಲ ಹರಗಿ ಹದ ಮಾಡುವ ಹೊತ್ತಿಗೇ. ಸಾಮಾನ್ಯ ನಾಲ್ಕು ಮೊಟ್ಟೆ. ಗಂಡು ಹೆಣ್ಣು ಎರಡೂ ಕಾವು ಕೊಡುತ್ತವೆ, ತಿಂಗಳ ಹತ್ತಿರ ಬೇಕು. ಬಿಸಿಲು ಜೋರಾದರೆ ನೀರಿಗೆ ಹೋಗಿ ಹೊಟ್ಟೆಯ ಪುಕ್ಕ ತೋಯಿಸಿಕೊಂಡು ಬಂದು ಮೊಟ್ಟೆ ತಂಪು ಮಾಡುತ್ತವೆ. ಮರಿ ಹೊರಬಿದ್ದು ಸ್ವಲ್ಪ ಹೊತ್ತಿಗೇ ಓಡಾಡಲು ಹತ್ತುತ್ತದೆ, ಅಪಾಯ ಬಂದರೆ ಹೆಂಟೆಯ ಹಾಗೆ ನೆಲ ಕಚ್ಚಿ ಕೂಡುತ್ತದೆ. ಎಷ್ಟು ಗೂಡು ನನ್ನ ಕುಂಟೆಗೆ ಸಿಕ್ಕಿರಬೇಕೋ!

ತಂಗಿಯ ಮಗನಿಗೆ ಫೋನು ಮಾಡಿ ಎಲ್ಲಾ ಹೇಳಿದೆ. "ಮಾಮಾ, ಆಟಕ್ಕ ಕಾಯ್ದೆ ಅದಾವ, ನೀವು ಕೇಳಲೇ ಇಲ್ಲ" ಅಂದ. ಡಬ್ಬಿ ಅಡಗಿಸಲು ನೆಲ ಅಗೆಯುವಂತಿಲ್ಲ. ತಿನ್ನುವ ಸಾಮಾನು ಇಡುವಂತಿಲ್ಲ, ಪ್ರಾಣಿಗಳು ವಾಸನೆ ಹಿಡಿಯುತ್ತವೆ. ಜಾಗದವರ ಒಪ್ಪಿಗೆ ಬೇಕು. ಹಕ್ಕಿ ಗೂಡು ಮಾಡುವ ಕಾಲಕ್ಕೆ ಕೆಲವು ಕಡೆ ಡಬ್ಬಿಯನ್ನೇ ಕೆಲಕಾಲ ಬಂದ್ ಮಾಡುತ್ತಾರೆ. ನೋಡಿ, ಮೊದಲನೇ ಬಕೆಟ್ ಇಟ್ಟವರೂ ಹೂತಿದ್ದರು, ಕಾಳು ಇಟ್ಟಿದ್ದರು. ಮುಂದೆ ಬಂದ ಕಾಯ್ದೆ ಎರಡನ್ನೂ ನಿಲ್ಲಿಸಿತು.

ಅವನು ಹೇಳಿದ ಇನ್ನೊಂದು ಮಾತು ನನಗೆ ಬಹಳ ಹಿಡಿಸಿತು. ಡಬ್ಬಿಯೇ ಇಲ್ಲದ ಆಟವೂ ಇದೆಯಂತೆ, ಅರ್ಥ್‌ಕ್ಯಾಷ್ ಎಂದು ಹೆಸರು. ಅಮೆರಿಕದ ಭೂವಿಜ್ಞಾನಿಗಳ ಸಂಘ 2004ರಲ್ಲಿ ಶುರು ಮಾಡಿದ್ದು. ಹೇಳಿದ ಜಾಗಕ್ಕೆ ಹೋಗಬೇಕು. ಅಲ್ಲಿಯ ಬಂಡೆ, ಮಣ್ಣು, ಕಣಿವೆ ನೋಡಿ ಕೇಳಿದ ಪ್ರಶ್ನೆಗೆ ಉತ್ತರ ತರಬೇಕು. ನೋಡಿದರೆ ಮಾತ್ರ ಉತ್ತರ ಸಿಗುತ್ತದೆ. ಏನೂ ಇಡುವುದಿಲ್ಲ, ಏನೂ ತರುವುದಿಲ್ಲ. ಅವರು ಕಲ್ಲಿಗೆ ಮಾಡಿದ್ದನ್ನು ನಾನು ಹಕ್ಕಿಗೆ ಮಾಡಿದೆ.

ಎರಡನೇ ಆಟ ಆಡಿದ್ದು ಡಿಸೆಂಬರಿನಲ್ಲಿ, ಕಡಲೆ ಹೂ ಬಿಟ್ಟು ಕಾಯಿ ಕಟ್ಟುವಾಗ. ಟಿಟ್ಟಿಭದ ಮೊಟ್ಟೆ ಕಾಲ ಅಲ್ಲ ಅದು. ಹೆಜ್ಜೆ ಲೆಕ್ಕ ಬಿಟ್ಟು ಹತ್ತು ಮಾರಿನ ಹಗ್ಗಕ್ಕೆ ಮಾರಿಗೊಂದು ಗಂಟು ಹಾಕಿಕೊಟ್ಟೆ. ಐದೈದು ಮಕ್ಕಳ ಗುಂಪು, ಗುಂಪಿಗೊಬ್ಬರು ದೊಡ್ಡವರು. ಎಲ್ಲರೂ ಒಂದೇ ಸಲ ಹೊಲಕ್ಕೆ ಇಳಿಯುವಂತಿಲ್ಲ. ಡಬ್ಬಿ ಒಂದೇ, ಅದೂ ನಮ್ಮ ಪಡಸಾಲೆಯಲ್ಲಿ. ಎಲ್ಲಾ ಉತ್ತರ ತಂದವರಿಗೆ ಅದು ತೆರೆಯುತ್ತದೆ.

ಒಂದನೇ ಚೀಟಿ ಹೀಗಿತ್ತು: "ಹುಣಸೆಮರದಿಂದ ಮೂಡಲಕ್ಕೆ ಆರು ಹಗ್ಗ. ಅಡ್ಡಗೋಲಿನ ಮೇಲೆ ಕೂತ ಕರಿ ಹಕ್ಕಿಯ ಬಾಲ ಹೇಗಿದೆ? ಕಾಲು ತಾಸಿನಲ್ಲಿ ಅದು ನೆಲಕ್ಕೆ ಎಷ್ಟು ಸಲ ಇಳಿಯಿತು? ಬಾಯಲ್ಲಿ ಏನಿತ್ತು?"

ಅದು ಕಾಜಾಣ, ಬಾಲ ಮೀನಿನ ಬಾಲದಂತೆ ಸೀಳಿರುತ್ತದೆ. ಅಡ್ಡಗೋಲು ಅಂದರೆ ಕಡಲೆಗಿಂತ ಎರಡು ಅಡಿ ಎತ್ತರಕ್ಕೆ ನಿಲ್ಲುವ ಕೋಲು, ತಲೆಗೆ ಅಡ್ಡ ಕಟ್ಟಿಗೆ. ಕಾಯಿಕೊರಕ ಹುಳಕ್ಕೆ ಹಕ್ಕಿ ಕರೆಯಲು ಇದನ್ನು ನೆಡಿರಿ ಎಂದು ಕೃಷಿ ಇಲಾಖೆಯವರು ಹೇಳುತ್ತಲೇ ಬಂದಿದ್ದಾರೆ. ನಾನು ಅದುವರೆಗೆ ನೆಟ್ಟಿರಲಿಲ್ಲ. ಆಟದ ನೆಪದಲ್ಲಿ ಎಕರೆಗೆ ಎಂಟು ಹತ್ತು ನೆಟ್ಟೆ. ನಸುಕಿನಲ್ಲಿ ಮಕ್ಕಳಿಂದ ಸಾಲಿನ ನಡುವೆ ಚುರುಮುರಿ ಚೆಲ್ಲಿಸಿದೆ. ಚುರುಮುರಿಗೆ ಬಂದ ಗೊರವಂಕ ಹುಳಕ್ಕೂ ಬಾಯಿ ಹಾಕುತ್ತದೆ. ಒಂದು ಗುಂಪು ಹನ್ನೊಂದು ಸಲ ಅಂತ ಬರೆದುಕೊಂಡು ಬಂತು, ಇನ್ನೊಂದು ಏಳು. "ಹಸರು ಹುಳ, ಉದ್ದಂದು" ಎಂದು ಒಬ್ಬ ಹುಡುಗ ಬರೆದಿದ್ದ. ಅವತ್ತು ಆ ಕೋಲಿಗೆ ಬೆಲೆ ಬಂತು ನನ್ನ ಕಣ್ಣಿಗೆ.

ಹಕ್ಕಿಯೇ ಎಲ್ಲಾ ಹುಳ ತಿಂದಿತು ಎಂದು ಹೇಳಲಾರೆ. ಹುಳ ಹೆಚ್ಚಾದಾಗ ಒಂದು ಸಲ ಎಣ್ಣೆ ಹೊಡೆದೆ. ಮುಂಚೆ ಮೂರು ಸಲ ಹೊಡೆಯುತ್ತಿದ್ದೆ. ಹೊಡೆದ ಮೇಲೆ ಆ ಹೊಲಕ್ಕೆ ಮಕ್ಕಳನ್ನು ಬಿಡಲಿಲ್ಲ. ಇನ್ನೊಂದು ಎಚ್ಚರ: ಜೋಳದಲ್ಲಿ ಕಾಳು ಕಟ್ಟುವಾಗ ಅಡ್ಡಗೋಲು ಕಿತ್ತುಬಿಡಿ, ಇಲ್ಲದಿದ್ದರೆ ಗುಬ್ಬಿ ಗೀಜಗಕ್ಕೆ ನಾವೇ ಮಣೆ ಹಾಕಿ ಕೂಡಿಸಿದಂತೆ. ಗೀಜಗ ತನ್ನ ಮರಿಗೆ ಹುಳ ತಿನ್ನಿಸುತ್ತದೆ, ಅದು ಖರೆ. ಆದರೆ ತೆನೆ ಕಂಡರೆ ಅದೂ ನಮ್ಮ ಹಾಗೇ.

ಮಕ್ಕಳು ಬಹಳ ಹಿಗ್ಗಿದ್ದು ಹುಣಸೆಮರದ ಚೀಟಿಗೆ. ಪೊಟರೆಯಲ್ಲಿ ಗೂಬೆ ಇದೆ. ಗೂಬೆ ಇಲಿಯನ್ನು ಹಾಗೇ ನುಂಗಿ, ಅರಗದ ಕೂದಲು ಎಲುಬನ್ನು ಉಂಡೆ ಮಾಡಿ ಉಗುಳುತ್ತದೆ. ಬುಡದಲ್ಲಿ ಬಿದ್ದ ಒಣ ಉಂಡೆಯನ್ನು ಕಡ್ಡಿಯಿಂದ ಬಿಡಿಸಿ ಒಳಗೆ ಏನಿದೆ ಎಂದು ಬರೆಯಬೇಕು, ಮೇಲೆ ಹತ್ತುವಂತಿಲ್ಲ. ಒಂದು ಉಂಡೆಯಲ್ಲಿ ಎರಡು ಇಲಿಯ ದವಡೆ, ಹಲ್ಲು ಸಮೇತ ಸಿಕ್ಕವು. ಒಬ್ಬ ಹುಡುಗನ ತಾಯಿ ಬಂದು, "ಕಾಕಾ, ಗೂಬಿ ಕೆಳಗ ಯಾಕ ಕೂಡಿಸೀರಿ ಹುಡುಗುರ್ನ? ಅಪಶಕುನ" ಎಂದು ಸಿಟ್ಟು ಮಾಡಿದಳು. ಆ ಹುಡುಗನೇ ದವಡೆ ತೋರಿಸಿ, "ಯವ್ವಾ, ಇದು ನಮ್ಮ ಜ್ವಾಳ ತಿಂದ ಇಲಿ" ಅಂದ. ಆಕೆ ಸುಮ್ಮನೆ ನೋಡಿದಳು, ಒಪ್ಪಿದಳೋ ಇಲ್ಲವೋ ಗೊತ್ತಾಗಲಿಲ್ಲ. ಕೈ ತೊಳೆಸಿ ಕಳಿಸಿದೆ.

ಜನವರಿಯಲ್ಲಿ ಒಂದು ಚೀಟಿಗಾಗಿ ಟ್ರ್ಯಾಕ್ಟರ್ ಕಟ್ಟಿಕೊಂಡು ಮಾಗಡಿ ಕೆರೆಗೆ ಹೋದೆವು. ಶಿರಹಟ್ಟಿ ಸೀಮೆಯ ಈ ಕೆರೆ 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿತು, ಅಂದರೆ ಜಗತ್ತೇ ಲೆಕ್ಕಕ್ಕೆ ಹಿಡಿದ ನೀರಿನ ಜಾಗ. ಪ್ರಶ್ನೆ ಒಂದೇ: "ಹೆಬ್ಬಾತಿನ ತಲೆಗೆ ಕರಿ ಪಟ್ಟೆ ಎಷ್ಟು?" ಎರಡು. ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯ ದಾಟಿ ಚಳಿಗಾಲಕ್ಕೆ ಬರುವ ಹಕ್ಕಿ ಅದು. ಸುತ್ತಿನ ಹೊಲಗಳಲ್ಲಿ ಮೇಯುತ್ತದೆ. ಅಲ್ಲಿಯ ರೈತರ ತಾಳ್ಮೆ ದೊಡ್ಡದು, ನಮ್ಮ ಹೊಲವಾಗಿದ್ದರೆ ಏನು ಮಾಡುತ್ತಿದ್ದೆನೋ.

ಮಾಡುವವರಿಗೆ ಇನ್ನೆರಡು ಮಾತು. ತೆರೆದ ಬಾವಿಯ ಹತ್ತಿರ ಚೀಟಿಯ ಜಾಗ ಬೇಡವೇ ಬೇಡ. ಕಾಲಿಗೆ ಚಪ್ಪಲಿ, ಕೈಯಲ್ಲಿ ಕೋಲು ಇರಲಿ, ಬಿಲಕ್ಕೆ ಪೊಟರೆಗೆ ಕೈ ಹಾಕಬಾರದೆಂದು ಮೊದಲೇ ಹೇಳಿ. ಹಾವು ನಮ್ಮ ಆಟ ನೋಡಿಕೊಂಡು ದಾರಿ ಬಿಡುವುದಿಲ್ಲ. ಚೀಟಿ ಬರೆಯುವ ಮುಂಚೆ ನೀವೊಬ್ಬರೇ ಹೋಗಿ ಅರ್ಧ ತಾಸು ಸುಮ್ಮನೆ ಕೂತು ನೋಡಿ. ಹಕ್ಕಿ ಒದರಿದರೆ ಆ ಜಾಗ ಬಿಟ್ಟುಬಿಡಿ. ಗೂಡು ಎಲ್ಲಿದೆ ಎಂದು ಹುಡುಕಲೂ ಬೇಡಿ, ಗುರುತಿನ ಕಲ್ಲು ಇಡಬೇಡಿ, ಕಾಗೆ ನಮಗಿಂತ ಶಾಣ್ಯಾ. ಖರ್ಚು ಹೆಚ್ಚಿಲ್ಲ: ಹಗ್ಗ, ಎರಡು ಕ್ವಾರ್ಟರ್ ಪುಸ್ತಕ, ಚುರುಮುರಿ.

ಪಡುವಲ ಮೂಲೆಯ ಗರಸಿಗೆ ಮರುವರ್ಷ ಟಿಟ್ಟಿಭ ಬರಲಿಲ್ಲ. ಅದರ ಮರುವರ್ಷ ಬಂತು, ಗರಸಿಗಲ್ಲ, ಹರಗಿದ ಹೊಲದ ನಡುವೆಯೇ. ಎತ್ತು ನಿಲ್ಲಿಸಿ, ಎರಡು ಮಾರು ಅಗಲದ ತುಂಡು ಬಿಟ್ಟು ಸುತ್ತಿ ಹರಗಿದೆ. ಮಗ, "ಹೆಸರು ಬಿತ್ತೂದು ತಡಾ ಆಗತೈತಿ" ಅಂದ. ಆ ತುಂಡಿನಷ್ಟು ಬೀಜ ಹನ್ನೆರಡು ದಿನ ತಡವಾಗಿ ಬಿತ್ತಿದೆವು, ಮರಿ ಓಡಿಹೋದ ಮೇಲೆ. ಮೊಮ್ಮಗಳು ಸೂಟಿಗೆ ಬಂದಿದ್ದಳು. ಒಡ್ಡಿನ ಮೇಲೆ ಕೂತು ದೂರದಿಂದ ಎಣಿಸಿದಳು, ಮೂರು ಮರಿ. ಆ ಜಾಗಕ್ಕೆ ಮಾತ್ರ ಇದುವರೆಗೆ ಚೀಟಿ ಬರೆದಿಲ್ಲ.