ಐವಿಎಫ್ ಇಂಜೆಕ್ಷನ್ ನಂತರ ಹೊಟ್ಟೆ ಉಬ್ಬಿದರೆ: ಕ್ಯಾಷುವಾಲ್ಟಿಯ ಸೂತ್ರಗಳು

1. ಮೊದಲು ಇದನ್ನೇ ಕೇಳಿ. ಹೊಟ್ಟೆ ಉಬ್ಬರ, ವಾಂತಿ, ಏದುಸಿರು ಎಂದು ಬಂದ ಹೆಣ್ಣುಮಗಳಿಗೆ ಗ್ಯಾಸಿನ ಮಾತ್ರೆ ಬರೆಯುವ ಮುಂಚೆ, ‘ಮಕ್ಕಳಾಗಲು ಇಂಜೆಕ್ಷನ್ ತಗೊಂಡಿದ್ದೀರಾ?’ ಎಂದು ಕೇಳಿ. ಐವಿಎಫ್ ವಿಷಯವನ್ನು ಎಷ್ಟೋ ದಂಪತಿ ಮನೆಯಲ್ಲೂ ಹೇಳಿರುವುದಿಲ್ಲ. ಅತ್ತೆ ಪಕ್ಕದಲ್ಲಿದ್ದರೆ ಉತ್ತರ ಬರುವುದಿಲ್ಲ. ಜೊತೆಯವರನ್ನು ಹೊರಗೆ ಕೂರಿಸಿ. ಆಕೆ ಅಂಡಾಣು ದಾನ ಮಾಡಿದವರೂ ಆಗಿರಬಹುದು. ಈ ಒಂದು ಪ್ರಶ್ನೆ ತಪ್ಪಿದರೆ ಮುಂದಿನ ಚಿಕಿತ್ಸೆಯೆಲ್ಲ ದಾರಿ ತಪ್ಪುತ್ತದೆ.

2. ದಿನ ಎಣಿಸಿ. ಅಂಡಾಣು ಪಕ್ವವಾಗಲು ಕೊಟ್ಟ ಎಚ್‌ಸಿಜಿ ಇಂಜೆಕ್ಷನ್ ಆದ 9 ದಿನದೊಳಗೆ ಹೊಟ್ಟೆ ಉಬ್ಬರ ಶುರುವಾಗಿದ್ದರೆ ಅದು ಆ ಮದ್ದಿನದೇ ಪರಿಣಾಮ. ಅದಕ್ಕಿಂತ ತಡವಾಗಿದ್ದರೆ ಗರ್ಭ ನಿಂತಿರಬಹುದು, ಕಾಯಿಲೆ ಹೆಚ್ಚು ದಿನ ಎಳೆಯಬಹುದು. ಪಿಸಿಒಎಸ್ ಇದ್ದವರಲ್ಲಿ ಅನುಮಾನ ಇನ್ನೂ ಗಟ್ಟಿಯಾಗಿರಲಿ.

3. ಹೊಟ್ಟೆ ಅಮುಕಬೇಡಿ. ಊದಿಕೊಂಡ ಅಂಡಾಶಯ ಒಡೆಯಬಹುದು. ಒಳಪರೀಕ್ಷೆಯೂ ಬೇಡ, ಸ್ಕ್ಯಾನ್ ಸಾಕು. ಒಂದೇ ಕಡೆ ಇದ್ದಕ್ಕಿದ್ದಂತೆ ಜೋರು ನೋವೆಂದರೆ ಅಂಡಾಶಯ ತಿರುಚಿಕೊಂಡಿದೆಯೇ ನೋಡಿ. ನಳಿಕೆಯ ಗರ್ಭ, ಅಪೆಂಡಿಕ್ಸ್ ಕೂಡ ಮನಸ್ಸಿನಲ್ಲಿರಲಿ.

4. ನೀರು ಕಂಡು ಲ್ಯಾಸಿಕ್ಸ್ ಹಾಕಬೇಡಿ. ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯ ಸೂತ್ರ ಇದೇ. ಅಂಡಾಶಯದಿಂದ ಹೊರಡುವ ವಿಇಜಿಎಫ್ ಎಂಬ ಪ್ರೋಟೀನು ರಕ್ತನಾಳಗಳನ್ನು ಸೋರುವಂತೆ ಮಾಡುತ್ತದೆ. ರಕ್ತದ ನೀರಿನಂಶ ಹೊಟ್ಟೆಗೆ, ಕೆಲವೊಮ್ಮೆ ಎದೆಗೂ ಇಳಿದು, ನಾಳದೊಳಗೆ ಉಳಿದ ರಕ್ತ ಗಟ್ಟಿಯಾಗುತ್ತದೆ. ಮೂತ್ರ ಕಡಿಮೆಯಾಗುವುದು ಅದಕ್ಕೇ. ಆಗ ಮೂತ್ರ ಹೆಚ್ಚಿಸುವ ಮದ್ದು ಕೊಟ್ಟರೆ ನಾಳ ಇನ್ನೂ ಒಣಗಿ, ರಕ್ತ ಹೆಪ್ಪುಗಟ್ಟುವ ಅಪಾಯ ಏರುತ್ತದೆ.

5. ಪಿಸಿವಿ ನೋಡಿ. 45 ದಾಟಿದರೆ ತೀವ್ರ, ಆಸ್ಪತ್ರೆಗೆ ದಾಖಲಿಸಿ. 55 ದಾಟಿದರೆ ಜೀವಕ್ಕೇ ಅಪಾಯ, ಐಸಿಯು ಬೇಕು. ದಿನಕ್ಕೆ 300 ಮಿಲಿ ಮೂತ್ರವೂ ಆಗದಿದ್ದರೆ ಅದೂ ತೀವ್ರವೇ. ಸೋಡಿಯಂ, ಪೊಟ್ಯಾಸಿಯಂ, ಕ್ರಿಯಾಟಿನಿನ್, ಅಲ್ಬುಮಿನ್ ಜೊತೆಗೇ ಕಳಿಸಿ.

6. ನೋವಿಗೆ ಪ್ಯಾರಸಿಟಮಾಲ್. ಡೈಕ್ಲೋಫಿನಾಕ್ ಬೇಡ, ಕಿಡ್ನಿಗೆ ಪೆಟ್ಟು. ವಾಂತಿ ನಿಲ್ಲಿಸಿ, ಬಾಯಾರಿಕೆಯಾದಷ್ಟು ಕುಡಿಸಿ. ಆಗದಿದ್ದರೆ ಡ್ರಿಪ್, ಅದೂ ಲೆಕ್ಕವಿಟ್ಟು. ಹೊಟ್ಟೆ ಬಿಗಿದು ಉಸಿರು ಕಟ್ಟುತ್ತಿದ್ದರೆ ಸ್ಕ್ಯಾನ್ ನೋಡುತ್ತಲೇ ನೀರು ತೆಗೆಸಿ. ಉಸಿರು ಹಗುರವಾಗುವುದಲ್ಲದೆ, ಎಷ್ಟೋ ಸಲ ನಿಂತಿದ್ದ ಮೂತ್ರವೂ ಹೊರಡುತ್ತದೆ.

7. ಕತ್ತನ್ನೂ ತೋಳನ್ನೂ ನೋಡಿ. ಇಲ್ಲಿ ಹೆಪ್ಪು ಕಾಲಲ್ಲಷ್ಟೇ ಅಲ್ಲ, ಅಲ್ಲೂ ಕೂರುತ್ತದೆ. ದಾಖಲಾದವರಿಗೆ ಹೆಪ್ಪು ತಡೆಯುವ ಹೆಪಾರಿನ್ ಮರೆಯಬೇಡಿ.

8. ಸೌಮ್ಯವಾಗಿದ್ದರೆ ಮನೆಗೆ ಕಳಿಸಬಹುದು, ಆದರೆ ಚೀಟಿ ಬರೆದುಕೊಟ್ಟು. ದಿನಾ ತೂಕ, ಹೊಟ್ಟೆಯ ಸುತ್ತಳತೆ, ಮೂತ್ರದ ಅಳತೆ. ಉಸಿರು ಕಟ್ಟಿದರೆ, ಮೂತ್ರ ಕಡಿಮೆಯಾದರೆ, ಕತ್ತು ಅಥವಾ ಕಾಲು ಊದಿದರೆ ರಾತ್ರಿಯಾದರೂ ವಾಪಸ್ ಬರಬೇಕು. ಅವರು ಹೊರಡುವ ಮುಂಚೆ ಐವಿಎಫ್ ಸೆಂಟರಿಗೆ ನೀವೇ ಫೋನ್ ಮಾಡಿ ತಿಳಿಸಿ.