ಮನೆಯಲ್ಲೇ ರೆಕಾರ್ಡಿಂಗ್: ಬ್ಯಾಂಡ್‌ಗಳು ಎಡವುವುದು ಎಲ್ಲಿ?

ಕನ್ನಡದ ಹಾಡು ಧ್ವನಿಮುದ್ರಣವಾಗಬೇಕಾದರೆ ಮದರಾಸಿಗೆ ಹೋಗಬೇಕಿದ್ದ ಕಾಲವೊಂದಿತ್ತು. ಎಂಬತ್ತರ ದಶಕದಲ್ಲಿ ಶಂಕರ್‌ನಾಗ್ ಬೆಂಗಳೂರಿನಲ್ಲಿ ಸಂಕೇತ್ ಸ್ಟುಡಿಯೊ ಕಟ್ಟಿ ಆ ಅಲೆದಾಟವನ್ನು ತಗ್ಗಿಸಿದರು. ಈಗ ಅವರ ನೆನಪಿನ ರಂಗಶಂಕರ ಇರುವ ಜೆ.ಪಿ. ನಗರದಲ್ಲೇ, ಒಂದು ಲ್ಯಾಪ್‌ಟಾಪ್, ಎರಡು ಮೈಕ್ ಸೇರಿಸಬಹುದಾದ ಆಡಿಯೊ ಇಂಟರ್‌ಫೇಸ್ ಮತ್ತು ಒಳ್ಳೆಯ ಹೆಡ್‌ಫೋನ್ ಇದ್ದರೆ ಮಲಗುವ ಕೋಣೆಯೇ ಸ್ಟುಡಿಯೊ ಆಗುತ್ತದೆ. ಜಯನಗರ, ಬನಶಂಕರಿ, ಬಿಟಿಎಂ ಲೇಔಟ್‌ಗಳಲ್ಲಿ ಗಿಟಾರ್ ಹಿಡಿದ ಹುಡುಗ ಹುಡುಗಿಯರಿಗೆ ಸ್ವಂತ ಹಾಡು ಹೊರತರುವುದು ಕೈಗೆಟುಕದ ಕನಸಾಗಿ ಉಳಿದಿಲ್ಲ.

ಆದರೂ ಹಾಡುಗಳು ಅರ್ಧಕ್ಕೇ ನಿಲ್ಲುತ್ತವೆ, ಇಲ್ಲವೇ ಹೊರಬಂದಾಗ ಸೊರಗಿರುತ್ತವೆ. ತಪ್ಪನ್ನು ಸಾಮಾನ್ಯವಾಗಿ ಅಗ್ಗದ ಮೈಕ್ ಮೇಲೆ ಹಾಕುತ್ತೇವೆ. ನನ್ನ ಅಭಿಪ್ರಾಯದಲ್ಲಿ ಕಾರಣ ಬೇರೆಯೇ ಇದೆ. ಬಾಡಿಗೆ ಸ್ಟುಡಿಯೊದಲ್ಲಿ ಗಂಟೆಗೆ ಇಷ್ಟು ಎಂದು ದುಡ್ಡು ಓಡುತ್ತಿರುತ್ತದೆ, ಹಾಗಾಗಿ ನಿರ್ಧಾರಗಳು ಅಲ್ಲಲ್ಲೇ ಆಗಿಬಿಡುತ್ತವೆ. ಮನೆಯಲ್ಲಿ ಯಾರಿಗೂ ಅವಸರವಿಲ್ಲ. 'ಇರಲಿ ಬಿಡು, ಮಿಕ್ಸಿಂಗ್‌ನಲ್ಲಿ ಸರಿ ಮಾಡೋಣ' ಎಂಬ ಮಾತು ಹುಟ್ಟುವುದು ಅಲ್ಲಿಂದ. ಕೆಳಗೆ ಹೇಳಿರುವ ಬಹುಪಾಲು ಎಡವಟ್ಟುಗಳ ಬೇರು ಈ ಒಂದು ಮಾತಿನಲ್ಲಿದೆ.

ರೆಕಾರ್ಡ್ ಬಟನ್ ಒತ್ತುವ ಮುಂಚೆ

ಹಾಡಿನ ವೇಗ, ಶ್ರುತಿ, ಎಷ್ಟು ಚರಣ, ಮಧ್ಯದ ಸೋಲೊ ಎಷ್ಟು ಆವರ್ತ ಎಂಬುದನ್ನೆಲ್ಲ ತಾಲೀಮಿನಲ್ಲೇ ತೀರ್ಮಾನಿಸಿ, ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿ. ತಾಲೀಮನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕೇಳಿ. ಮೊಬೈಲಿನಲ್ಲಿ ಕೇಳಲು ಚೆನ್ನಾಗಿರದ ಜೋಡಣೆ ದುಬಾರಿ ಮೈಕಿನಲ್ಲೂ ಚೆನ್ನಾಗಿರುವುದಿಲ್ಲ.

ನಮ್ಮ ಬ್ಯಾಂಡ್‌ಗಳು ಹೆಚ್ಚು ಜಾರುವುದು ಶ್ರುತಿಯಲ್ಲಿ. ಗಿಟಾರ್ ಮತ್ತು ಕೀಬೋರ್ಡ್ 440 ಹರ್ಟ್ಸ್‌ನ ಲೆಕ್ಕದಲ್ಲಿರುತ್ತವೆ. ಅತಿಥಿಯಾಗಿ ಬರುವ ಕೊಳಲಿನವರು ಒಂದೂವರೆ ಮನೆ ಶ್ರುತಿಯ ಕೊಳಲು ತಂದಿರುತ್ತಾರೆ. ಅದು ಗಿಟಾರಿನವರ ಸಿ ಶಾರ್ಪ್. ಹಾಡು ಸಿ ಅಥವಾ ಡಿಯಲ್ಲಿದ್ದರೆ ಇಡೀ ದಿನ ವ್ಯರ್ಥ. ಕರೆಯುವಾಗಲೇ ಎಷ್ಟು ಮನೆ ಎಂದು ಕೇಳಿ, ಗೈಡ್ ಟ್ರ್ಯಾಕನ್ನು ಮುಂಚೆಯೇ ಕಳಿಸಿ. ತಣ್ಣಗಿರುವ ಕೊಳಲಿನ ಶ್ರುತಿ ತುಸು ಇಳಿದಿರುತ್ತದೆ, ಊದುತ್ತಾ ಬೆಚ್ಚಗಾದಂತೆ ಏರುತ್ತದೆ. ಮೊದಲ ಟೇಕ್‌ಗೆ ಮುನ್ನ ಅವರಿಗೆ ಊದಲು ಸಮಯ ಕೊಡಿ. ಹಾರ್ಮೋನಿಯಂ ಬಳಸುವುದಾದರೆ ಅದರ ರೀಡುಗಳನ್ನು ಅಲ್ಲೇ ತಿದ್ದಲಾಗದು. ಮಿಕ್ಕವರೇ ಅದಕ್ಕೆ ಶ್ರುತಿ ಕೂಡಿಸಿಕೊಳ್ಳಬೇಕು. ಮಳೆಗಾಲದ ತೇವಕ್ಕೆ ಮೃದಂಗ, ತಬಲಾ ಇಳಿಯುತ್ತವೆ, ಆದ್ದರಿಂದ ಪ್ರತಿ ಟೇಕಿನ ನಡುವೆ ಪರೀಕ್ಷಿಸಿ.

ಕ್ಲಿಕ್ ಇಟ್ಟುಕೊಂಡು ನುಡಿಸುವವರು ತಾಳ ನೋಡಿಕೊಳ್ಳಬೇಕು. ಸಾಫ್ಟ್‌ವೇರ್ ತಾನಾಗಿ ನಾಲ್ಕರ ಎಣಿಕೆಯಲ್ಲಿರುತ್ತದೆ. ಹಾಡು ಖಂಡಛಾಪಿನಲ್ಲಿದ್ದರೆ ಐದಕ್ಕೆ, ಮಿಶ್ರಛಾಪಿನಲ್ಲಿದ್ದರೆ ಏಳಕ್ಕೆ ಬದಲಿಸಿ. ಇಲ್ಲದಿದ್ದರೆ ಕ್ಲಿಕ್ಕಿನ ಒತ್ತು ತಪ್ಪು ಜಾಗದಲ್ಲಿ ಬೀಳುತ್ತದೆ, ಮುಂದೆ ಎಡಿಟ್ ಮಾಡುವಾಗ ಯಾವ ಆವರ್ತ ಎಲ್ಲಿ ಶುರುವಾಯಿತೆಂದು ಹುಡುಕಾಡಬೇಕಾಗುತ್ತದೆ. ವೇಗ ಏರಿಳಿಯುವುದೇ ಸೊಗಸಾಗಿರುವ ಜನಪದ ಹಾಡಿಗೆ ಕ್ಲಿಕ್ ಬೇಡ. ಅದನ್ನು ಎಲ್ಲರೂ ಒಟ್ಟಿಗೆ ಕೂತು ನುಡಿಸಿದರೇ ಚೆನ್ನ.

ಕೋಣೆಯೇ ಮೊದಲ ವಾದ್ಯ

ಮೂವತ್ತು ನಲವತ್ತರ ಸೈಟಿನಲ್ಲಿ ಕಟ್ಟಿದ ಮನೆಗಳ ಕೋಣೆ ಸಾಮಾನ್ಯವಾಗಿ ಹತ್ತಡಿಗೆ ಹತ್ತಡಿ, ಹೆಚ್ಚೆಂದರೆ ಹನ್ನೆರಡಡಿ. ಚಾವಣಿಯೂ ಹತ್ತಡಿಯ ಆಸುಪಾಸು. ಧ್ವನಿಯ ದೃಷ್ಟಿಯಿಂದ ಇದಕ್ಕಿಂತ ಕಷ್ಟದ ಆಕಾರವಿಲ್ಲ. ಎದುರುಬದುರು ಗೋಡೆಗಳ ನಡುವೆ ಹತ್ತಡಿ ಇದ್ದರೆ ಸುಮಾರು 56 ಹರ್ಟ್ಸ್‌ನ ಧ್ವನಿ ಅಲ್ಲೇ ಪುಟಿಯುತ್ತಾ ನಿಲ್ಲುತ್ತದೆ. ಉದ್ದ, ಅಗಲ, ಎತ್ತರ ಮೂರೂ ಒಂದೇ ಆದರೆ ಅದು ಮೂರು ದಿಕ್ಕಿನಿಂದಲೂ ಒಟ್ಟುಗೂಡುತ್ತದೆ. ಬೇಸ್ ಗಿಟಾರಿನ ಎ ತಂತಿಯನ್ನು ಬಿಟ್ಟು ಮೀಟಿದರೆ ಬರುವ ಸ್ವರ 55 ಹರ್ಟ್ಸ್. ಹಾಗಾಗಿ ಆ ಒಂದು ಸ್ವರ ಗೋಡೆಯ ಬಳಿ ಗುಡುಗುತ್ತದೆ, ಕೋಣೆಯ ನಟ್ಟನಡುವೆ ಕ್ಷೀಣಿಸುತ್ತದೆ. ಆಂಪ್ಲಿಫೈಯರ್, ಮೈಕ್, ಕೇಳುವವರ ಕುರ್ಚಿ ಯಾವುದನ್ನೂ ಸರಿಯಾಗಿ ಮಧ್ಯದಲ್ಲಾಗಲೀ ಗೋಡೆಗೆ ಆನಿಸಿಯಾಗಲೀ ಇಡಬೇಡಿ. ಬೇಸ್ ಗಿಟಾರನ್ನು ನೇರವಾಗಿ ಇಂಟರ್‌ಫೇಸ್‌ಗೇ ಸಿಕ್ಕಿಸಿ ರೆಕಾರ್ಡ್ ಮಾಡಿದರೆ ಆ ವಾದ್ಯದ ಮಟ್ಟಿಗೆ ಕೋಣೆಯ ಕಾಟವೇ ಇಲ್ಲ.

ಕೋಣೆಯಲ್ಲಿ ನಿಂತು ಒಮ್ಮೆ ಜೋರಾಗಿ ಚಪ್ಪಾಳೆ ತಟ್ಟಿ. ವಿಟ್ರಿಫೈಡ್ ಟೈಲ್ಸ್, ಹಳೆಯ ಜಯನಗರದ ಮನೆಗಳಾದರೆ ರೆಡ್ ಆಕ್ಸೈಡ್ ನೆಲ, ಬರಿಯ ಗಾರೆಗೋಡೆ ಇರುವಲ್ಲಿ ಚಪ್ಪಾಳೆಯ ಹಿಂದೆ ಝಿಂಗ್ ಎನ್ನುವ ಮರುದನಿ ಬರುತ್ತದೆ. ಹಾಡಿನ ಪ್ರತಿ ಅಕ್ಷರದ ಹಿಂದೆಯೂ ಅದು ಅಂಟಿಕೊಳ್ಳುತ್ತದೆ, ಆಮೇಲೆ ಬಿಡಿಸಲು ಬರುವುದಿಲ್ಲ. ಇದಕ್ಕೆ ಮೊಟ್ಟೆಯ ಟ್ರೇ ಅಂಟಿಸುವುದು ಹಳೆಯ ರೂಢಿ. ಅದರಿಂದ ಪ್ರಯೋಜನವಿಲ್ಲ. ತೆಳು ಫೋಮ್ ಕೂಡ ಕೀಚು ದನಿಯನ್ನಷ್ಟೇ ಹೀರಿ ಗುಂಯ್‌ಗುಡುವ ದನಿಯನ್ನು ಹಾಗೇ ಬಿಡುತ್ತದೆ. ದಪ್ಪ ಹತ್ತಿ ಹಾಸಿಗೆ, ಜಮಖಾನ, ರಜಾಯಿ, ಬಟ್ಟೆ ತುಂಬಿದ ಬೀರುವಿನ ತೆರೆದ ಬಾಗಿಲು, ಪುಸ್ತಕದ ಕಪಾಟು ಇವು ಮನೆಯಲ್ಲೇ ಇರುವ ಉತ್ತಮ ಸಾಧನಗಳು.

ಇವನ್ನು ಇಡುವ ಜಾಗದಲ್ಲಿ ಬಹಳ ಮಂದಿ ತಪ್ಪುತ್ತಾರೆ. ಮೈಕಿನ ಹಿಂದೆ ಹಾಸಿಗೆ ನಿಲ್ಲಿಸುತ್ತಾರೆ. ಸಾಮಾನ್ಯವಾಗಿ ಬಳಸುವ ಕಾರ್ಡಿಯಾಯ್ಡ್ ಮೈಕ್ ತನ್ನ ಮುಂದಿನದನ್ನು ಕೇಳಿಸಿಕೊಳ್ಳುತ್ತದೆ, ಹಿಂದಿನದನ್ನು ಬಹುಪಾಲು ಬಿಡುತ್ತದೆ. ಅದರ ಮುಂದಿರುವುದು ಹಾಡುವವರು ಮತ್ತು ಅವರ ಬೆನ್ನ ಹಿಂದಿನ ಗೋಡೆ. ಮೊದಲು ಮುಚ್ಚಬೇಕಾದದ್ದು ಆ ಗೋಡೆಯನ್ನು.

ಹೊರಗಿನ ಸದ್ದಿಗೆ ಹಾಸಿಗೆ ತಡೆಯಲ್ಲ. ಅದಕ್ಕೆ ಸಮಯ ನೋಡಿಕೊಳ್ಳುವುದೊಂದೇ ದಾರಿ. ಹಸಿರು ಮಾರ್ಗದ ಮೆಟ್ರೊ ಸೌತ್ ಎಂಡ್ ಸರ್ಕಲ್‌ನಿಂದ ಬನಶಂಕರಿ, ಜೆ.ಪಿ. ನಗರದವರೆಗೂ ಕಂಬಗಳ ಮೇಲೆಯೇ ಓಡುತ್ತದೆ. 2025ರ ಆಗಸ್ಟ್‌ನಿಂದ ಹಳದಿ ಮಾರ್ಗವೂ ರಾಗಿಗುಡ್ಡ, ಬಿಟಿಎಂ ಲೇಔಟ್ ಮೇಲೆ ಹಾಯುತ್ತಿದೆ. ಬೆಳಗ್ಗೆ ಕುಕ್ಕರ್ ಸೀಟಿ, ಕಸದ ಆಟೊ, ಸೊಪ್ಪಿನವರ ಕೂಗು. ಬೇಸಿಗೆಯಲ್ಲಿ ನಸುಕಿಗೇ ಶುರುವಾಗುವ ಕೋಗಿಲೆ. ಅಕ್ಕಪಕ್ಕ ಎಲ್ಲೋ ಒಂದು ಕಟ್ಟಡದ ಕೆಲಸ. ನಿಮ್ಮ ಕೋಣೆಯಲ್ಲಿ ಯಾರೂ ಮಾತಾಡದೆ ದಿನದ ಬೇರೆ ಬೇರೆ ಹೊತ್ತಿನಲ್ಲಿ ಎರಡೆರಡು ನಿಮಿಷ ರೆಕಾರ್ಡ್ ಮಾಡಿ, ವಾಲ್ಯೂಮ್ ಏರಿಸಿ ಕೇಳಿ. ಯಾವ ಹೊತ್ತು ಹಾಡಿಗೆ, ಯಾವುದು ಸದ್ದು ತಾಗದ ಬೇಸ್ ಗಿಟಾರಿಗೆ ಎಂದು ಆಗ ಗೊತ್ತಾಗುತ್ತದೆ. ವಾರದ ದಿನ, ಮಧ್ಯಾಹ್ನದ ಊಟ ಮುಗಿದ ಮೇಲಿನ ಎರಡು ತಾಸು ಸಾಮಾನ್ಯವಾಗಿ ಹಾಡಿಗೆ ಒಳ್ಳೆಯದು. ಫ್ಯಾನ್, ಫ್ರಿಜ್ ಆರಿಸಿ, ಆಮೇಲೆ ಫ್ರಿಜ್ ಹಾಕಲು ಮರೆಯಬೇಡಿ.

ನಿಮ್ಮ ಸದ್ದೂ ಪಕ್ಕದವರಿಗೆ ಹೋಗುತ್ತದೆ. ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಎಂಬುದು 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳ ಮಿತಿ. ರಾತ್ರಿ ಎಂದರೆ ಹತ್ತರಿಂದ ಬೆಳಗಿನ ಆರು. ಮಹಡಿ ಮೇಲಿನವರಿಗೆ ದಿನವೂ ಸಮಯವೂ ಮೊದಲೇ ಹೇಳಿಬಿಟ್ಟರೆ ಜಗಳಕ್ಕೆ ಎಡೆಯಿರುವುದಿಲ್ಲ.

ಡ್ರಮ್ಸ್ ಮನೆಯಲ್ಲಿ ಬೇಡ

ಇದನ್ನು ಖಚಿತವಾಗಿಯೇ ಹೇಳುತ್ತೇನೆ. ಹತ್ತಡಿಯ ಕೋಣೆಯಲ್ಲಿ ಸಿಂಬಲ್‌ಗಳ ಸದ್ದು ಚಾವಣಿಗೆ ಬಡಿದು ಎಲ್ಲ ಮೈಕಿಗೂ ನುಗ್ಗುತ್ತದೆ. ಬಿಲ್ಲಿ ಐಲಿಶ್ ಅವರ 2019ರ ಆಲ್ಬಂ ಬಹುಪಾಲು ಲಾಸ್ ಏಂಜಲೀಸಿನಲ್ಲಿ ಅಣ್ಣನ ಮಲಗುವ ಕೋಣೆಯಲ್ಲೇ ತಯಾರಾಗಿ ಮರುವರ್ಷ ಗ್ರ್ಯಾಮಿಯ ವರ್ಷದ ಆಲ್ಬಂ ಆಯಿತು ಎಂಬುದನ್ನು ಎಲ್ಲರೂ ಉದಾಹರಿಸುತ್ತಾರೆ. ಅದರ ಬುನಾದಿ ಒಂದು ದನಿ ಮತ್ತು ಕಂಪ್ಯೂಟರಿನ ತಾಳವಾದ್ಯ. ಐದು ಜನರ ರಾಕ್ ಬ್ಯಾಂಡಿಗೆ ಅದು ಮಾದರಿಯಾಗದು.

ಖರ್ಚು ಮಾಡುವುದಿದ್ದರೆ ಇಲ್ಲಿ ಮಾಡಿ. ಗಂಟೆ ಲೆಕ್ಕದ ಜಾಮ್ ರೂಮ್ ಅಥವಾ ಸ್ಟುಡಿಯೊವನ್ನು ಒಂದು ದಿನ ಹಿಡಿದು ಎಲ್ಲ ಹಾಡುಗಳ ಡ್ರಮ್ಸ್ ಮುಗಿಸಿ, ಉಳಿದದ್ದನ್ನು ಮನೆಗೆ ತನ್ನಿ. ಗೈಡ್ ಹಾಡು, ಕ್ಲಿಕ್ ಸಿದ್ಧವಿಟ್ಟುಕೊಂಡು ಹೋಗಬೇಕು. ಮೇಲಿನಿಂದ ತೂಗುವ ಎರಡು ಮೈಕ್‌ಗಳೂ ಸ್ನೇರ್‌ನಿಂದ ಸಮದೂರದಲ್ಲಿವೆಯೇ ಎಂದು ದಾರ ಹಿಡಿದು ಅಳೆಯಿರಿ. ದೂರ ಹೆಚ್ಚುಕಮ್ಮಿಯಾದರೆ ಒಂದೇ ಪೆಟ್ಟು ಎರಡು ಮೈಕಿಗೆ ಬೇರೆ ಬೇರೆ ಕ್ಷಣದಲ್ಲಿ ತಲುಪಿ, ಒಟ್ಟು ಸೇರಿದಾಗ ಸ್ನೇರ್ ಟೊಳ್ಳಾಗುತ್ತದೆ. ಒಂದೇ ವಾದ್ಯಕ್ಕೆ ಎರಡು ಮೈಕ್ ಇಟ್ಟಾಗಲೆಲ್ಲ ಮೋನೊದಲ್ಲಿ ಕೇಳಿ, ಒಂದರ ಪೊಲಾರಿಟಿ ತಿರುಗಿಸಿ ನೋಡಿ. ಯಾವುದರಲ್ಲಿ ದನಿ ತುಂಬಿಕೊಂಡಿದೆಯೋ ಅದನ್ನು ಉಳಿಸಿಕೊಳ್ಳಿ.

ಕರೆಂಟಿನ ಗುಂಯ್ ಸದ್ದು

ನಮ್ಮ ಮನೆಗಳ ವಿದ್ಯುತ್ತಿನ ಆವರ್ತನ 50 ಹರ್ಟ್ಸ್. ಬೇಸ್ ಗಿಟಾರಿನ ಕೆಳಗಿನ ಜಿ ಸ್ವರ 49. ಹಾಡು ಜಿಯಲ್ಲಿದ್ದರೆ ಗುಂಯ್ ಸದ್ದು ಆಧಾರಸ್ವರದೊಡನೆಯೇ ಬೆರೆತುಹೋಗಿ, ತೆಗೆಯಲು ಹೋದರೆ ಬೇಸ್ ಕೂಡ ತೆಳುವಾಗುತ್ತದೆ. ಮೊದಲು ಲ್ಯಾಪ್‌ಟಾಪಿನ ಚಾರ್ಜರ್ ಕಳಚಿ ಬ್ಯಾಟರಿಯಲ್ಲಿ ಓಡಿಸಿ ನೋಡಿ. ಸದ್ದು ನಿಂತರೆ ತೊಂದರೆ ಬಹುಮಟ್ಟಿಗೆ ಅರ್ಥಿಂಗ್‌ನದು. ಎಲ್ಲ ಸಾಧನಗಳನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿ, ಎಲ್‌ಇಡಿ ಡಿಮ್ಮರ್ ಆರಿಸಿ. ಇನ್ವರ್ಟರ್ ಮೇಲೆ ರೆಕಾರ್ಡ್ ಮಾಡಬೇಡಿ, ಅಗ್ಗದ ಇನ್ವರ್ಟರುಗಳು ಕರಕರ ಸದ್ದು ಬೆರೆಸುತ್ತವೆ. ಸದ್ದು ಹೋಗಲೆಂದು ಪ್ಲಗ್ಗಿನ ಮೂರನೇ ಪಿನ್ ಕತ್ತರಿಸುವುದು ಜೀವಕ್ಕೆ ಅಪಾಯ. ಹಳೆಯ ಮನೆಯಾದರೆ ಎಲೆಕ್ಟ್ರಿಷಿಯನ್ ಕರೆಸಿ ಅರ್ಥಿಂಗ್ ಪರೀಕ್ಷಿಸಿ.

ಮೈಕಿನ ಮುಂದೆ

ಬಾಯಿಂದ ಮೈಕಿಗೆ ಒಂದು ಗೇಣು ಅಂತರವಿರಲಿ. ತೀರಾ ಹತ್ತಿರ ಹೋದರೆ ದನಿ ಭಾರವಾಗುತ್ತದೆ. ಪ, ಫ, ಬ, ಭ ಅಕ್ಷರಗಳ ಗಾಳಿ ನೇರ ಬಡಿಯದಂತೆ ಪಾಪ್ ಫಿಲ್ಟರ್ ಇಟ್ಟು, ಮೈಕನ್ನು ತುಸು ಪಕ್ಕಕ್ಕೆ ಓರೆ ಮಾಡಿ. ಕನ್ನಡದ ಪದಗಳು ಹೆಚ್ಚಾಗಿ ಸ್ವರದಲ್ಲಿ ಕೊನೆಯಾಗುತ್ತವೆ. ಇಬ್ಬರು ಕೂಡಿ ಹಾಡುವಾಗ ಒಬ್ಬರು ಕೊನೆಯ ಅಕ್ಷರವನ್ನು ಎಳೆದು ಇನ್ನೊಬ್ಬರು ಮೊಟಕುಗೊಳಿಸಿದರೆ ಸಾಲಿನ ತುದಿ ಹರಿದಂತೆ ಕೇಳುತ್ತದೆ. ಎಲ್ಲಿ ನಿಲ್ಲಿಸಬೇಕೆಂದು ಸಾಹಿತ್ಯದ ಹಾಳೆಯ ಮೇಲೆ ಗೆರೆ ಎಳೆದುಕೊಳ್ಳಿ.

ಮಟ್ಟವನ್ನು ಕೆಂಪು ದೀಪದ ಹತ್ತಿರ ಇಡುವುದು ಟೇಪಿನ ಕಾಲದ ಅಭ್ಯಾಸ. 24 ಬಿಟ್‌ನಲ್ಲಿ ಅದರ ಅಗತ್ಯವಿಲ್ಲ. ಪಲ್ಲವಿಯ ಅತ್ಯಂತ ಜೋರಿನ ಸಾಲಿನಲ್ಲೂ ಮೈನಸ್ 10 ಡೆಸಿಬೆಲ್ ದಾಟದಿರಲಿ. ಸೊನ್ನೆ ದಾಟಿ ಒಡೆದ ದನಿಯನ್ನು ಪೂರ್ತಿ ಸರಿಪಡಿಸಲಾಗದು. ಹಾಡುವವರು ತಮ್ಮ ದನಿಯನ್ನು ಹೆಡ್‌ಫೋನಿನಲ್ಲಿ ತಡವಾಗಿ ಕೇಳುತ್ತಿದ್ದರೆ ಬಫರ್ ನೋಡಿ. 48 ಕಿಲೋಹರ್ಟ್ಸ್‌ನಲ್ಲಿ 1024 ಸ್ಯಾಂಪಲ್ ಎಂದರೆ ಸುಮಾರು 21 ಮಿಲಿಸೆಕೆಂಡು, ಒಳ ಬರುವಾಗಲೂ ಹೊರಹೋಗುವಾಗಲೂ. ಅದನ್ನು 128ಕ್ಕೆ ಇಳಿಸಿ, ಇಲ್ಲವೇ ಇಂಟರ್‌ಫೇಸಿನ ಡೈರೆಕ್ಟ್ ಮಾನಿಟರ್ ಬಳಸಿ.

ಟೇಕ್‌ಗಳನ್ನು ಗುಡ್ಡೆ ಹಾಕಬೇಡಿ. ಮೂರೋ ನಾಲ್ಕೋ ಟೇಕ್ ತೆಗೆದು, ಯಾವುದು ಒಳ್ಳೆಯದೆಂದು ಅಂದೇ ಆರಿಸಿ. ಮರುವಾರ ಕೇಳಿದರೆ ಎಲ್ಲವೂ ಒಂದೇ ಥರ ಕೇಳಿಸುತ್ತವೆ.

ಮಿಕ್ಸ್ ಮಾಡುವಾಗ

ಸದಸ್ಯರು ಬೇರೆ ಬೇರೆ ಮನೆಯಲ್ಲಿ ರೆಕಾರ್ಡ್ ಮಾಡಿ ಫೈಲ್ ಕಳಿಸುವುದು ಈಗ ಸಾಮಾನ್ಯ. ಒಬ್ಬರು 48, ಇನ್ನೊಬ್ಬರು 44.1 ಕಿಲೋಹರ್ಟ್ಸ್ ಇಟ್ಟುಕೊಂಡು, ಸಾಫ್ಟ್‌ವೇರ್ ಅದನ್ನು ಪರಿವರ್ತಿಸದೆ ನುಡಿಸಿದರೆ ವೇಗವೂ ಶ್ರುತಿಯೂ ಕೆಡುತ್ತವೆ. ಶ್ರುತಿ ಸುಮಾರು ಒಂದೂವರೆ ಸೆಮಿಟೋನ್ ಏರುತ್ತದೆ ಇಲ್ಲವೇ ಇಳಿಯುತ್ತದೆ. ಒಂದೇ ದರ ಗೊತ್ತುಮಾಡಿಕೊಳ್ಳಿ. ಎಲ್ಲ ಫೈಲುಗಳೂ ಹಾಡಿನ ಸೊನ್ನೆ ಸೆಕೆಂಡಿನಿಂದಲೇ ಶುರುವಾಗಲಿ. ವೇವ್ ಫೈಲ್ ಕಳಿಸಿ, ಎಂಪಿ3 ಬೇಡ.

ಮಿಕ್ಸ್ ಮಾಡುವಾಗ ಪ್ರತಿಯೊಬ್ಬರಿಗೂ ತಮ್ಮ ವಾದ್ಯವೇ ಕಡಿಮೆ ಎನಿಸುವುದು ಸಹಜ. ಐವರ ಮಾತನ್ನೂ ನಡೆಸಿದರೆ ಎಲ್ಲವೂ ಏರುತ್ತಾ ಹೋಗಿ ಹಾಡುವವರ ದನಿ ಮುಳುಗುತ್ತದೆ. ಕೊನೆಯ ಮಾತು ಒಬ್ಬರದಾಗಿರಲಿ. ಸಾಧ್ಯವಾದರೆ ಬ್ಯಾಂಡಿನ ಹೊರಗಿನವರಿಗೆ ಒಪ್ಪಿಸಿ. ನಿಮ್ಮ ಪುಟ್ಟ ಕೋಣೆ ಬೇಸ್ ವಿಷಯದಲ್ಲಿ ಮೋಸ ಮಾಡುತ್ತದೆ, ಆದ್ದರಿಂದ ಕಾರಿನಲ್ಲಿ, ಇಯರ್‌ಫೋನಿನಲ್ಲಿ, ಮೊಬೈಲ್ ಸ್ಪೀಕರಿನಲ್ಲಿ ಕೇಳಿಯೇ ಒಪ್ಪಿಗೆ ಕೊಡಿ. ಉಳಿದವರಿಗಿಂತ ಜೋರಾಗಿರಲೆಂದು ಲಿಮಿಟರ್ ಒತ್ತಿ ಹಿಂಡಬೇಡಿ. ಸ್ಪಾಟಿಫೈ, ಯೂಟ್ಯೂಬ್ ಹೆಚ್ಚು ಜೋರಿನ ಹಾಡನ್ನು ಮೈನಸ್ 14 ಲಫ್ಸ್‌ನ ಆಸುಪಾಸಿಗೆ ತಾವೇ ತಗ್ಗಿಸುತ್ತವೆ. ಹಿಂಡಿದ ಹಾಡು ಆಗ ಇನ್ನೂ ಚಪ್ಪಟೆಯಾಗಿ ಕೇಳುತ್ತದೆ.

ಹೊರಬಿಡುವ ಮುನ್ನ

ಕನ್ನಡದ ಬ್ಯಾಂಡ್‌ಗಳಿಗೆ ಶರೀಫರ ಪದಗಳು ಪ್ರಿಯ. ರಘು ದೀಕ್ಷಿತ್ ಪ್ರಾಜೆಕ್ಟ್ ಅವನ್ನು ದೇಶ ವಿದೇಶದ ಕೇಳುಗರಿಗೆ ಮುಟ್ಟಿಸಿದೆ. 1889ರಲ್ಲಿ ತೀರಿಕೊಂಡ ಶರೀಫರ ಸಾಹಿತ್ಯಕ್ಕೆ ಕೃತಿಸ್ವಾಮ್ಯವಿಲ್ಲ, ಯಾರು ಬೇಕಾದರೂ ಹೊಸ ರಾಗ ಹಾಕಬಹುದು. ಆದರೆ ಸಿ. ಅಶ್ವತ್ಥ್ ಸಂಯೋಜಿಸಿದ ಧಾಟಿಯನ್ನು ಬಳಸಿದರೆ ಅದು ಬೇರೆ ವಿಷಯ. ಭಾರತದಲ್ಲಿ ಕೃತಿಸ್ವಾಮ್ಯ ಕರ್ತೃ ತೀರಿಕೊಂಡ ಮರುವರ್ಷದಿಂದ 60 ವರ್ಷ ಇರುತ್ತದೆ. ಅಶ್ವತ್ಥ್ ತೀರಿಕೊಂಡದ್ದು 2009ರಲ್ಲಿ. ಬೇಂದ್ರೆಯವರ ಕವಿತೆಗೆ 2041ರ ಕೊನೆಯವರೆಗೆ, ಕುವೆಂಪು ಅವರದಕ್ಕೆ 2054ರ ಕೊನೆಯವರೆಗೆ ಅನುಮತಿ ಬೇಕು. ರೆಕಾರ್ಡಿಂಗ್ ಮುಗಿಸಿ ಅನುಮತಿ ಹುಡುಕುವುದಲ್ಲ, ಹಾಡು ಆರಿಸಿದ ದಿನವೇ ಪತ್ರ ಬರೆಯಬೇಕು.

ಪ್ರಾಜೆಕ್ಟಿನ ಪೂರ್ತಿ ಪ್ರತಿಯನ್ನು ಎರಡು ಹಾರ್ಡ್‌ಡಿಸ್ಕಿನಲ್ಲಿಟ್ಟು, ಒಂದನ್ನು ಬೇರೆ ಸದಸ್ಯರ ಮನೆಯಲ್ಲಿಡಿ. ಸಾಹಿತ್ಯ ಯಾರದು, ರಾಗ ಯಾರದು, ಅತಿಥಿ ವಾದಕರಿಗೆ ಸಂಭಾವನೆಯೋ ಪಾಲೋ, ಬಂದ ಹಣದಲ್ಲಿ ಯಾರಿಗೆ ಎಷ್ಟು ಎಂಬುದನ್ನು ಒಂದು ಹಾಳೆಯಲ್ಲಿ ಬರೆಯಿರಿ. ಗೆಳೆತನ ಗಟ್ಟಿಯಾಗಿರುವಾಗಲೇ, ಹಾಡನ್ನು ಅಪ್‌ಲೋಡ್ ಮಾಡುವ ಮೊದಲೇ, ಎಲ್ಲರೂ ಕೂತು ಅದಕ್ಕೆ ಸಹಿ ಹಾಕಿ.