ತಾರಸಿಯ ಹಲಗೆಗಳೂ ಅವುಗಳ ಬಂಧನವೂ

ಲಾಲ್‌ಬಾಗಿಗೆ ನೆರೆಯಾದ ವಿಲ್ಸನ್ ಗಾರ್ಡನ್ನಿನಂತಹ ಹಳೆಯ ಬಡಾವಣೆಗಳಲ್ಲಿ ತಾರಸಿಯೇ ಮನೆಯ ಅಂಗಳ. ಹಪ್ಪಳ ಸಂಡಿಗೆಗಳನ್ನು ಒಣಗಿಸಲು, ಸಂಜೆಯ ಗಾಳಿಗೆ ಕುಳಿತುಕೊಳ್ಳಲು ಅದೇ ಸ್ಥಳ. ಈಚಿನ ವರ್ಷಗಳಲ್ಲಿ ಬೆಂಗಳೂರಿನ ತಾರಸಿಗಳ ಮೇಲೆ ಹಲಗೆಯ ನೆಲವನ್ನು ಹಾಸುವ ಪದ್ಧತಿ ಬಂದಿದೆ. ತೇಗ, ಹೊನ್ನೆಗಳು ದುಬಾರಿಯಾದುದರಿಂದ, ಮರದ ಪುಡಿಯನ್ನು ಕರಗಿಸಿದ ಪ್ಲಾಸ್ಟಿಕ್ಕಿನೊಡನೆ ಬೆರೆಸಿ, ಅಚ್ಚಿನ ಮೂಲಕ ಒತ್ತಿ ತೆಗೆದ ಸಂಯುಕ್ತ ಹಲಗೆಗಳನ್ನು ಅನೇಕರು ಆರಿಸಿಕೊಳ್ಳುತ್ತಾರೆ. ಅಂಗಡಿಯಲ್ಲಿ ಇವುಗಳಿಗೆ ಕಾಂಪೊಸಿಟ್ ಎಂದು ಹೆಸರು. ಇಂತಹ ಪದಾರ್ಥಗಳ ಸಂಶೋಧನೆ ಬೆಂಗಳೂರಿಗೆ ಹೊಸದಲ್ಲ. 1938ರಲ್ಲಿ ಅರಣ್ಯ ಪ್ರಯೋಗಾಲಯವಾಗಿ ಆರಂಭವಾದ ಮಲ್ಲೇಶ್ವರದ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲಿ ಮರದ ನಾರು ಹಾಗೂ ಪ್ಲಾಸ್ಟಿಕ್ಕುಗಳ ಸಂಯುಕ್ತಗಳನ್ನು ಕುರಿತು ಕೆಲಸ ನಡೆದಿದೆ.

ಹಲಗೆಯನ್ನು ಕೊಳ್ಳುವವರು ಬಣ್ಣವನ್ನೂ ಬೆಲೆಯನ್ನೂ ವಿಚಾರಿಸುತ್ತಾರೆ. ಆದರೆ ನೆಲವು ಬಾಳುವುದೂ ಕೆಡುವುದೂ ಬಹುಮಟ್ಟಿಗೆ ಬೇರೊಂದು ಪ್ರಶ್ನೆಯನ್ನು ಅವಲಂಬಿಸಿದೆ. ಕಾದಾಗ ಹಲಗೆ ಎಷ್ಟು ಬೆಳೆಯುತ್ತದೆ, ಆ ಬೆಳವಣಿಗೆಗೆ ನಾವು ಎಡೆ ಕೊಟ್ಟಿದ್ದೇವೆಯೆ ಎಂಬುದೇ ಆ ಪ್ರಶ್ನೆ. ಪ್ರೌಢಶಾಲೆಯಲ್ಲಿ ಕಲಿತ ಉಷ್ಣವ್ಯಾಕೋಚನದ ಪಾಠವೇ ಇದಕ್ಕೆ ಉತ್ತರ ಕೊಡಬಲ್ಲುದು.

ಒಂದು ಡಿಗ್ರಿ ಸೆಲ್ಸಿಯಸ್ ಉಷ್ಣತೆ ಏರಿದಾಗ ಉಕ್ಕು ತನ್ನ ಉದ್ದದ ಹತ್ತು ಲಕ್ಷದಲ್ಲಿ 12 ಭಾಗದಷ್ಟು ಬೆಳೆಯುತ್ತದೆ. ಮರವು ಎಳೆಯ ದಿಕ್ಕಿನಲ್ಲಿ ಸುಮಾರು 4 ಭಾಗ ಮಾತ್ರ. ಪಾಲಿಎಥಿಲೀನ್ ಎಂಬ ಪ್ಲಾಸ್ಟಿಕ್ 100 ಭಾಗಕ್ಕೂ ಹೆಚ್ಚು. ಸಂಯುಕ್ತ ಹಲಗೆ ಇವೆರಡರ ನಡುವೆ ನಿಲ್ಲುತ್ತದೆ. ಅದರ ಗುಣಾಂಕ ತಯಾರಿಕೆಯನ್ನು ಅನುಸರಿಸಿ ವ್ಯತ್ಯಾಸವಾಗುತ್ತದೆ. ನಾವು ಇಲ್ಲಿ 40 ಎಂದು ಇಟ್ಟುಕೊಳ್ಳೋಣ. ಕೊಳ್ಳುವಾಗ ಈ ಸಂಖ್ಯೆಯನ್ನು ತಯಾರಕರಿಂದ ಕೇಳಿ ಪಡೆಯತಕ್ಕದ್ದು.

ಜನವರಿಯ ಬೆಳಗಿನ ಜಾವ ಬೆಂಗಳೂರಿನ ಉಷ್ಣತೆ 15 ಡಿಗ್ರಿಯ ಆಸುಪಾಸಿಗೆ ಇಳಿಯುವುದು ಸಾಮಾನ್ಯ. ಏಪ್ರಿಲ್ ತಿಂಗಳ ಮಧ್ಯಾಹ್ನ ಗಾಳಿಯ ಉಷ್ಣತೆ 34 ಡಿಗ್ರಿಯಷ್ಟಿದ್ದರೂ ಬಿಸಿಲಿನಲ್ಲಿ ಬಿದ್ದಿರುವ ಗಾಢವರ್ಣದ ಹಲಗೆ 60 ಡಿಗ್ರಿಯವರೆಗೂ ಕಾಯಬಹುದು. ಅಂತರ 45 ಡಿಗ್ರಿ. ಆದುದರಿಂದ 3.6 ಮೀಟರ್ ಉದ್ದದ ಹಲಗೆ ಸುಮಾರು 6.5 ಮಿಲಿಮೀಟರ್ ಬೆಳೆಯುತ್ತದೆ. ಅಷ್ಟೇ ಉದ್ದದ ಮರದ ಹಲಗೆ ಬಿಸಿಲಿಗೆ ಒಂದು ಮಿಲಿಮೀಟರೂ ಬೆಳೆಯದು. ಮರದ ಹಲಗೆಯನ್ನು ಬಿಗಿದಂತೆಯೇ ಇದನ್ನೂ ಬಿಗಿಯುವುದು ಸರಿಯಲ್ಲವೆಂಬುದು ಇದರಿಂದ ಸ್ಪಷ್ಟ.

ಆರು ಮಿಲಿಮೀಟರ್ ಅಲ್ಪವೆಂದು ತೋರಬಹುದು. ಆದರೆ ಎರಡು ತುದಿಗಳನ್ನು ಮಾತ್ರ ಅಲುಗದಂತೆ ಬಿಗಿದರೆ ಆಗುವುದೇನು? ಹೆಚ್ಚಿದ ಉದ್ದಕ್ಕೆ ಹೋಗಲು ದಾರಿಯಿಲ್ಲದೆ ಹಲಗೆ ಬಿಲ್ಲಿನಂತೆ ಮೇಲಕ್ಕೆ ಬಾಗುತ್ತದೆ. ರೇಖಾಗಣಿತದ ಲೆಕ್ಕದಂತೆ, 6.5 ಮಿಲಿಮೀಟರ್ ಬೆಳವಣಿಗೆ ಪೂರ್ತಿಯಾಗಿ ಬಾಗಿಗೆ ತಿರುಗಿದರೆ ನಡುಭಾಗ ಸುಮಾರು 93 ಮಿಲಿಮೀಟರ್ ಏಳಬೇಕು. ವೃದ್ಧರಾದವರು ಎಡವಿ ಬೀಳಲು ಇದರ ಕಾಲುಭಾಗವೂ ಸಾಕು.

ಹಲಗೆಯ ಕೆಳಗಿನ ಅಡ್ಡಪಟ್ಟಿಗಳಿಗೂ ಬಿಗಿದರೆ ಈ ಬಾಗನ್ನು ತಡೆಯಬಹುದು. ಪಟ್ಟಿಗಳ ನಡುವಣ ಅಂತರ ಎಷ್ಟಿರಬೇಕು? ಹದಿನೆಂಟನೆಯ ಶತಮಾನದ ಗಣಿತಜ್ಞ ಆಯ್ಲರ್ ಕಂಬಗಳ ಬಾಗನ್ನು ಕುರಿತು ಕೊಟ್ಟ ಸೂತ್ರ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಅದರಂತೆ ಹಲಗೆಯ ದಪ್ಪವನ್ನು ಅಂತರದಿಂದ ಭಾಗಿಸಿ, ವರ್ಗಮಾಡಿ, 0.82ರಿಂದ ಗುಣಿಸಿದರೆ, ಬಾಗದೆ ತಾಳಬಲ್ಲ ಸಂಕೋಚದ ಪ್ರಮಾಣ ದೊರೆಯುತ್ತದೆ. 25 ಮಿಲಿಮೀಟರ್ ದಪ್ಪದ ಗಟ್ಟಿ ಹಲಗೆಗೆ, 400 ಮಿಲಿಮೀಟರ್ ಅಂತರದಲ್ಲಿ ಇದು ಹತ್ತು ಲಕ್ಷದಲ್ಲಿ 3,200 ಭಾಗ. 600 ಮಿಲಿಮೀಟರ್ ಅಂತರದಲ್ಲಿ ಸುಮಾರು 1,430 ಭಾಗ. ಬಿಸಿಲು ಉಂಟುಮಾಡುವುದು 40ರ 45 ಪಟ್ಟು, ಎಂದರೆ 1,800 ಭಾಗ. ಹೀಗಿರಲು ಮೊದಲನೆಯ ಹಲಗೆ ನೆಟ್ಟಗಿರುತ್ತದೆ, ಎರಡನೆಯದು ಬಾಗುತ್ತದೆ. ಒಂದೆರಡು ಪಟ್ಟಿಗಳನ್ನು ಉಳಿಸಿ ಖರ್ಚು ತಗ್ಗಿಸುವುದು ಎಂತಹ ಹುಸಿ ಮಿತವ್ಯಯವೆಂಬುದನ್ನು ಓದುಗರು ಗಮನಿಸಬೇಕು.

ಆದರೆ ಬಾಗನ್ನು ತಡೆದ ಮಾತ್ರಕ್ಕೆ ಬಲವು ಮಾಯವಾಗುವುದಿಲ್ಲ. ಹಲಗೆಯ ಯಂಗ್ ಗುಣಾಂಕವನ್ನು ಚದರ ಮಿಲಿಮೀಟರಿಗೆ 3,000 ನ್ಯೂಟನ್ ಎಂದೂ ಅಗಲವನ್ನು 140 ಮಿಲಿಮೀಟರ್ ಎಂದೂ ಇಟ್ಟುಕೊಂಡರೆ, ತುದಿಗಳ ಮೇಲೆ ಬೀಳುವ ಒತ್ತಡ ಸುಮಾರು 18,900 ನ್ಯೂಟನ್. ಇದು 1,900 ಕಿಲೋಗ್ರಾಂ ತೂಕಕ್ಕೆ ಸಮ. ಕಾದ ಹಲಗೆ ಮೆದುವಾಗುವುದರಿಂದ ವಾಸ್ತವದಲ್ಲಿ ಇದು ಕಡಿಮೆಯಾಗುತ್ತದೆ. ಆದರೂ ತಿರುಪುಮೊಳೆಗಳನ್ನು ಓರೆಮಾಡಲು ಮಿಕ್ಕುವ ಬಲ ಸಾಕಷ್ಟಿರುತ್ತದೆ. ಆದಕಾರಣ ಪ್ರತಿ ಹಲಗೆಯನ್ನು ನಡುವೆ ಒಂದು ಕಡೆ ಮಾತ್ರ ಅಲುಗದಂತೆ ಬಿಗಿದು, ಮಿಕ್ಕ ಪಟ್ಟಿಗಳ ಮೇಲೆ ಅಂಚಿನ ತೋಡಿನಲ್ಲಿ ಕೂರುವ ಕ್ಲಿಪ್ಪುಗಳಿಂದ ಹಿಡಿಯುವುದು ಉತ್ತಮ. ಕ್ಲಿಪ್ಪು ಹಲಗೆಯನ್ನು ಮೇಲೇಳದಂತೆ ತಡೆಯುತ್ತದೆ, ಉದ್ದಕ್ಕೆ ಸರಿಯಲು ಬಿಡುತ್ತದೆ.

ತುದಿಗೆ ತುದಿ ಸೇರುವಲ್ಲಿ ಎಡೆ ಬಿಡುವಾಗ, ಕೆಲಸ ನಡೆಯುವ ಹೊತ್ತಿನ ಉಷ್ಣತೆಯನ್ನು ನೋಡತಕ್ಕದ್ದು. ಹಲಗೆ 15 ಡಿಗ್ರಿಯಲ್ಲಿದ್ದರೆ 6.5 ಮಿಲಿಮೀಟರ್ ಬೇಕು. 35 ಡಿಗ್ರಿಯಲ್ಲಿದ್ದರೆ ಸುಮಾರು 4 ಮಿಲಿಮೀಟರ್ ಸಾಕು.

ಇನ್ನು ಮೊಳೆಯ ಲೋಹ. ಸತುವಿನ ಲೇಪವುಳ್ಳ ಉಕ್ಕಿನಲ್ಲಿ ಸತುವು ತಾನು ಕರಗಿ ಕಬ್ಬಿಣವನ್ನು ಕಾಯುತ್ತದೆ. ಅದು ತೀರಿದ ಬಳಿಕ ತುಕ್ಕು ತಪ್ಪದು. ಸುಮಾರು 18 ಭಾಗ ಕ್ರೋಮಿಯಂ, 8 ಭಾಗ ನಿಕಲ್ ಸೇರಿದ 304 ದರ್ಜೆಯ ಸ್ಟೇನ್‌ಲೆಸ್ ಉಕ್ಕು ಬೆಂಗಳೂರಿನ ಹವೆಗೆ ಸಾಕು. ಮಂಗಳೂರು, ಕಾರವಾರಗಳ ಉಪ್ಪುಗಾಳಿಗೆ ಮಾಲಿಬ್ಡಿನಂ ಸೇರಿದ 316 ದರ್ಜೆ ಬೇಕಾಗುತ್ತದೆ. ಅಲ್ಯೂಮಿನಿಯಂ ಪಟ್ಟಿಗೆ ಸಣ್ಣ ಸ್ಟೇನ್‌ಲೆಸ್ ತಿರುಪನ್ನು ಹಾಕಿದರೆ ಸವೆತ ದೊಡ್ಡ ಮೈಯ ಮೇಲೆ ಹಂಚಿಹೋಗಿ ನಿಧಾನವಾಗುತ್ತದೆ. ದೊಡ್ಡ ಸ್ಟೇನ್‌ಲೆಸ್ ತಗಡಿಗೆ ಸಣ್ಣ ಅಲ್ಯೂಮಿನಿಯಂ ಮೊಳೆ ಹಾಕಿದರೆ, ಮಳೆನೀರು ಸೇರಿ ವಿದ್ಯುತ್ಕೋಶವೊಂದು ಏರ್ಪಟ್ಟು ಮೊಳೆಯೇ ಬೇಗ ಸವೆಯುತ್ತದೆ.

ಎಲ್ಲಕ್ಕಿಂತ ಮುಖ್ಯವಾದ ಮಾತೊಂದುಂಟು. ಹಲಗೆ ಕೆಟ್ಟರೆ ಬದಲಾಯಿಸಬಹುದು, ತಾರಸಿಯನ್ನು ಹಾಗೆ ಬದಲಾಯಿಸಲಾಗದು. ಪಟ್ಟಿಗಳನ್ನು ನಿಲ್ಲಿಸಲು ಕಾಂಕ್ರೀಟಿಗೆ ತೂತು ಕೊರೆದರೆ ನೀರು ಒಳಗಿನ ಕಂಬಿಗಳನ್ನು ಮುಟ್ಟುತ್ತದೆ. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಗಾತ್ರವನ್ನು ಆಕ್ರಮಿಸುವುದರಿಂದ ಕಾಂಕ್ರೀಟು ಸೀಳುತ್ತದೆ. ಆದ್ದರಿಂದ ಪಟ್ಟಿಗಳನ್ನು ರಬ್ಬರಿನ ತುಂಡುಗಳ ಮೇಲೆ, ನೀರಿಳಿಯುವ ಇಳಿಜಾರಿನ ದಿಕ್ಕಿಗೆ ಇಟ್ಟು, ಪರಸ್ಪರ ಬಂಧಿಸಿ ಚೌಕಟ್ಟು ಮಾಡುವುದು ಯುಕ್ತ.

ವಿದ್ಯಾರ್ಥಿಗಳ ಅಭ್ಯಾಸಕ್ಕೆ ಒಂದು ಲೆಕ್ಕ: 2.4 ಮೀಟರ್ ಉದ್ದದ ಹಲಗೆಗಳನ್ನು 25 ಡಿಗ್ರಿಯಲ್ಲಿ ಹಾಸುವುದಾದರೆ, 60 ಡಿಗ್ರಿಯವರೆಗಿನ ವ್ಯಾಕೋಚನಕ್ಕೆ ಎಷ್ಟು ಎಡೆ ಬಿಡಬೇಕು? (ಉತ್ತರ: ಸುಮಾರು 3.4 ಮಿಲಿಮೀಟರ್.)